ಅಂಚಿಲ್ಲದ ಹಾಳೆ

ನನಗೆ ಚಹಾದ ಚಟ. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ, ಗಾಯ ಕಟ್ಟುವ ನರ್ಸ್ ಕೆಲಸವನ್ನು ನಾನು ಸೇವಾಭಾವದಿಂದ ಹಿಡಿದೆ ಎಂದು ಜನ ನಂಬಿದ್ದಾರೆ. ಆಳಂದದಲ್ಲಿ ಯಾವ ಮನೆ ಹೊಕ್ಕರೂ ಚಹಾ ಕುಡಿಸದೆ ಬಿಡುವುದಿಲ್ಲ ಎಂಬ ಇನ್ನೊಂದು ಕಾರಣವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ರೋಗಿಗಳ ಹಳೆಯ ಹಾಳೆಗಳನ್ನೆಲ್ಲ ಅದಕ್ಕೆ ತುಂಬಿಸಿ, ದಿನಾ ಬೆಳಿಗ್ಗೆ ಅಚ್ಚಾದ ಹಾಳೆ ಕೊಡತೊಡಗಿದರು. ನನ್ನ ಅಕ್ಷರ ನನಗೇ ಓದಲು ಬಾರದು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಆದರೆ ಹಳೆಯ ಹಾಳೆಗೆ ಅಂಚಿತ್ತು. ಔಷಧಿ ನಡುವೆ, ಸಂಸಾರವೆಲ್ಲ ಅಂಚಿನಲ್ಲಿ ಬರೆಯುತ್ತಿದ್ದೆವು. ‘ನಾಯಿ ಕಚ್ಚುತ್ತದೆ, ಹಿತ್ತಲಿನಿಂದ ಹೋಗು.’ ‘ಸೊಸೆಯ ಎದುರು ಸಕ್ಕರೆ ಕಾಯಿಲೆ ಮಾತೆತ್ತಬೇಡ.’ ಕಂಪ್ಯೂಟರಿನಲ್ಲಿ ಎಲ್ಲಕ್ಕೂ ಒಂದೊಂದು ಚೌಕ. ನಾಯಿಗೂ ಸೊಸೆಗೂ ಚೌಕವಿರಲಿಲ್ಲ.

ಆ ಹೊಸದರಲ್ಲೇ ಜೊತೆಯ ನರ್ಸ್ ಹತ್ತಿರದ ಖಜೂರಿ ಎಂಬ ಊರಿಗೆ ಮದುವೆಗೆಂದು ಹೋದಳು. ಅವಳ ಪಾಲಿನ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖೈರುನ್ನಿಸಾ ಖಾಲಾರ ಮನೆ ನನ್ನ ಪಾಲಿಗೆ ಬಂತು. ಹಾಳೆಯಲ್ಲಿ ಸ್ಪಷ್ಟವಾಗಿತ್ತು: ಇನ್ಸುಲಿನ್, ಬೆಳಿಗ್ಗೆ, ನಾಷ್ಟಾಕ್ಕೆ ಮೊದಲು. ಸಿರಿಂಜಿಗೆ ಔಷಧಿ ಎಳೆದುಕೊಂಡೆ. ಅಷ್ಟರಲ್ಲಿ ಖಾಲಾರ ಸೊಸೆ ಚಹಾ ತಂದಳು. ಒಂದೇ ಕಪ್ಪು.

ನಾನು ಹಿಂದೆಯೂ ಆ ಮನೆಗೆ ಹೋದವಳು. ಖಾಲಾ ಬಂದವರನ್ನು ಒಬ್ಬರೇ ಕುಡಿಯಲು ಬಿಡುವವರಲ್ಲ. ಸಕ್ಕರೆಯಿಲ್ಲದ ತಮ್ಮ ಕಪ್ಪು ಹಿಡಿದು ಎದುರು ಕೂರುತ್ತಿದ್ದರು.

“ನಿಮ್ದೆಲ್ಲಿ ಖಾಲಾ?”

“ನೀ ಕುಡಿ ಬೇಟಿ. ಮೊದಲ ಸೂಜಿ ಹಾಕು.”

ಅವರ ತುಟಿ ಒಣಗಿತ್ತು. ರಮ್ಜಾನ್ ಮುಗಿದು, ಈದಿನ ಶೀರ್‌ಕುರ್ಮಾ ನಾನೇ ನಾಲ್ಕು ಮನೆಗಳಲ್ಲಿ ಕುಡಿದಾಗಿತ್ತು. ಆದರೂ ಕೇಳಿದೆ, “ಉಪಾಸ ಅದೀರೇನು, ರೋಜಾ?”

ಸೊಸೆ ಮೆಲ್ಲಗೆ ಅಂದಳು, “ಈದ್ ಆದ ಮ್ಯಾಲೆ ಆರು ರೋಜಾ ಇರ್ತಾರ್ರಿ. ಆ ಸಿಸ್ಟರಿಗಷ್ಟೇ ಗೊತ್ತಿತ್ರಿ, ಸಂಜಿಗೆ ಬಂದು ಸೂಜಿ ಹಾಕ್ತಿದ್ರು. ಬ್ಯಾರೆ ಯಾರಿಗೂ ಹೇಳಬ್ಯಾಡ ಅಂದಾರ.”

ಸೂಜಿ ಆಗಲೇ ತೋಳಿನ ಹತ್ತಿರವಿತ್ತು. ಸಂಜೆಯವರೆಗೆ ಹನಿ ನೀರೂ ಮುಟ್ಟದ ಹೊಟ್ಟೆಗೆ ಆ ಇನ್ಸುಲಿನ್ ಬಿದ್ದಿದ್ದರೆ ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುವುದು. ಮತ್ತೆ ಏಳುತ್ತಿದ್ದರೋ ಇಲ್ಲವೋ. ಸೂಜಿ ಹಿಂದಕ್ಕೆಳೆದುಕೊಂಡೆ. ಖಾಲಾ ಮಾತ್ರ ತೋಳು ಚಾಚಿಯೇ ಇದ್ದರು.

“ಕಾಗದದಾಗ ಬರದದಲ್ಲ. ಮಷೀನು ಸುಳ್ಳು ಬರೀತದೇನು? ಹಾಕು.”

“ಹಾಕಬೇಕಂದ್ರ ಏನರ ತಿನ್ರಿ ಖಾಲಾ.”

“ಇದೊಂದೇ ರೋಜಾ ಉಳದದ. ಮುಂದಿನ ವರ್ಷ ನಾ ಇರ್ತೇನೋ ಇಲ್ಲೋ.”

ಸಿರಿಂಜು ಕೆಳಗಿಟ್ಟೆ. ತಲೆ ತಿರುಗಿದರೆ ಆ ಕ್ಷಣ ಸಕ್ಕರೆ ನೀರು ಕುಡಿದು ರೋಜಾ ಬಿಡಬೇಕೆಂದು ಅವರಿಂದ ಮಾತು ತೆಗೆದುಕೊಂಡೆ, ಅವರ ಕಣ್ಣು ತಪ್ಪಿಸಿ ಸೊಸೆಯಿಂದಲೂ ತೆಗೆದುಕೊಂಡೆ. ಆ ದಿನ ಬೇರೆ ಮನೆಗಳಲ್ಲಿ ಕುಡಿದ ಚಹಾದ ರುಚಿ ನನಗೆ ನೆನಪಿಲ್ಲ. ಬೀದಿಯಲ್ಲಿ ಯಾರಾದರೂ ಓಡಿ ಬಂದರೆ ಖಾಲಾರ ಮನೆಯವರೇನೋ ಎಂದು ನಿಂತು ನೋಡುತ್ತಿದ್ದೆ.

ಹೊತ್ತು ಮುಳುಗಿದ ಮೇಲೆ ಹೋದಾಗ ಖಾಲಾ ಬಾಯಲ್ಲಿ ಖರ್ಜೂರ ಇಟ್ಟುಕೊಂಡು ನಗುತ್ತ ಕೂತಿದ್ದರು. ನನಗೆ ಅಳು ಬಂತು, ಸಿಟ್ಟೂ ಬಂತು. ಇಂಜೆಕ್ಷನ್ ಕೊಟ್ಟು, ಅವರು ಊಟ ಮುಗಿಸುವವರೆಗೆ ಕದಲಲಿಲ್ಲ.

ಹೊರಟಾಗ ಕೈ ಹಿಡಿದುಕೊಂಡರು. “ಇದೆಲ್ಲಾ ಮಷೀನಿಗೆ ಹೇಳಬ್ಯಾಡ ಬೇಟಿ.”

“ಡಾಕ್ಟರಿಗೆ ಹೇಳೇ ಹೇಳ್ತೇನಿ. ಮಷೀನಿಗೆ ಹೇಳ್ತೇನಂದ್ರೂ ಅದರಾಗ ಜಾಗಾ ಇಲ್ರಿ ಖಾಲಾ.”

ಅವರಿಗೆ ಎಷ್ಟೋ ಸಮಾಧಾನವಾಯಿತು. ಮುಂದಿನ ವರ್ಷ ಇದೇ ಹಾಳೆ ಹಿಡಿದು ಬೇರೆ ಯಾರೋ ಬಂದಾರು; ನನಗೆ ಬೆಳಿಗ್ಗೆಗಿಂತ ಹೆಚ್ಚು ಭಯವಾದದ್ದು ಆಗ.