ಸ್ಪೀಡ್ ಬ್ರೇಕರ್ ಬಂದಾಗ

ನನ್ನ ಗಂಡನಿಗೆ ಬೆನ್ನಿನ ಬುಡದಲ್ಲಿ, ಕೂತರೆ ಒತ್ತುವ ಕಡೆ, ಕೂದಲು ಚರ್ಮದೊಳಕ್ಕೆ ಹೊಕ್ಕು ಕೀವು ಕಟ್ಟುತ್ತಿತ್ತು. ಡಾಕ್ಟರು ಅದನ್ನು ಪೈಲೊನೈಡಲ್ ಸೈನಸ್ ಎಂದರು. ನಾನು ಓದಿದ ಕಾನ್ವೆಂಟಿನಲ್ಲಿ ಆ ಜಾಗಕ್ಕೆ ಹೆಸರೇ ಇರಲಿಲ್ಲ. ನಾವಿಬ್ಬರೂ ‘ಅಲ್ಲಿ’ ಎನ್ನುತ್ತಿದ್ದೆವು. ಎರಡು ಸಲ ಆಪರೇಷನ್ ಆಗಿತ್ತು. ಎರಡನೆಯದರ ಗಾಯ ಮಾಯುವವರೆಗೆ ಅವರು ಊಟವನ್ನೂ ಫ್ರಿಜ್ಜಿನ ಪಕ್ಕ ನಿಂತೇ ಮಾಡಿದರು.

“ಇನ್ನೊಂದು ಸಲ ನನ್ನಿಂದಾಗಲ್ಲ ಕಣೇ” ಎಂದಿದ್ದರು, ತಟ್ಟೆ ನೋಡುತ್ತಾ.

ಅಲ್ಲಿಯ ಕೂದಲನ್ನು ಲೇಸರಿನಿಂದ ತೆಗೆಸಿದರೆ ಮತ್ತೆ ಬರುವ ಸಾಧ್ಯತೆ ಕಡಿಮೆ, ಖಾತರಿ ಮಾತ್ರ ಕೊಡಲಾರೆ ಎಂದರು ಸರ್ಜನ್. ಮಯೂರ್ ವಿಹಾರದಿಂದ ಸೌತ್ ಡೆಲ್ಲಿಯ ಚರ್ಮದ ಕ್ಲಿನಿಕ್ಕಿಗೆ ಸ್ಕೂಟರಿನಲ್ಲಿ ಹೋದೆವು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಅವರು ಸೀಟಿನಿಂದ ಕೊಂಚ ಏಳುತ್ತಿದ್ದರು. ಹಿಂದೆ ಕೂತ ನಾನೂ, ಏನೂ ನೋವಿಲ್ಲದವಳು, ಜೊತೆಗೇ ಏಳುತ್ತಿದ್ದೆ.

ಕ್ಲಿನಿಕ್ಕಿನ ತುಂಬ ಮದುವೆ ಗೊತ್ತಾದ ಹುಡುಗಿಯರು, ಅವರ ತಾಯಂದಿರು. ಇವರು ಗೋಡೆಗೊರಗಿ ನಿಂತು ಲೆಹೆಂಗಾಗಳ ಮ್ಯಾಗಜೀನೊಂದನ್ನು ತೆರೆದರು. ಕಿವಿ ಕೆಂಪಾಗಿತ್ತು. ಪಕ್ಕದಲ್ಲಿದ್ದ ಆಂಟಿಯೊಬ್ಬರು ನನ್ನ ಗಲ್ಲದ ಮೇಲಿನ ನಾಲ್ಕು ಕೂದಲನ್ನೇ ನೋಡಿ, ಇದಕ್ಕೇ ಬಂದೆಯಾ ಬೇಟಾ ಎಂದು ಹಿಂದಿಯಲ್ಲಿ ಕೇಳಿದರು.

“ಹಾಂ ಜೀ” ಎಂದೆ.

ಗಂಡ ರಜೆ ಹಾಕಿ ಜೊತೆಗೆ ಬಂದಿದ್ದಾನಲ್ಲ, ಪುಣ್ಯವಂತೆ ನೀನು ಎಂದರು ಆಂಟಿ. ಮ್ಯಾಗಜೀನಿನ ಹಿಂದೆ ಇವರ ಭುಜಗಳು ಕುಲುಕುತ್ತಿದ್ದವು. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಒಳಗೆ ಇಬ್ಬರಿಗೂ ಕಪ್ಪು ಕನ್ನಡಕ ಕೊಟ್ಟರು. ಅವರು ಬೋರಲು ಮಲಗಿ ನನ್ನ ಕಿರುಬೆರಳು ಹಿಡಿದುಕೊಂಡರು. ರಬ್ಬರ್ ಬ್ಯಾಂಡು ಚಟ್ಟನೆ ಬಡಿದಂತಾಗುತ್ತದಂತೆ. ಸುಟ್ಟ ಕೂದಲಿನ ವಾಸನೆ ಬಂತು.

ಮತ್ತೆ ಮತ್ತೆ ಹೋಗಬೇಕಾಯಿತು. ನಡುವಿನ ವಾರಗಳಲ್ಲಿ ಕೂದಲನ್ನು ಕೀಳಬಾರದು, ಬೋಳಿಸಬಹುದು ಎಂದಿದ್ದರು. ಲೇಸರಿಗೆ ಬುಡ ಇರಬೇಕಂತೆ. ಭಾನುವಾರ ಹಾಸಿಗೆಯ ಮೇಲೆ ಹಳೆಯ ಪೇಪರ್ ಹಾಸಿ ನಾನೇ ಬೋಳಿಸುತ್ತಿದ್ದೆ. ಅವರು ದಿಂಬಿನ ಮೇಲೆ ಮೊಣಕೈಯೂರಿ ಅದೇ ಪೇಪರಿನ ಪದಬಂಧದ ಸುಳಿವುಗಳನ್ನು ಓದಿ ಹೇಳುತ್ತಿದ್ದರು. ರೇಜರ್ ಹಿಡಿದವಳಿಗೆ ಉತ್ತರ ಹೊಳೆಯುವುದುಂಟೇ.

ಮರುವರ್ಷದ ಚಳಿಗಾಲ. ಸರೋಜಿನಿ ನಗರದಲ್ಲಿ ಸ್ವೆಟರ್ ಕೊಂಡು ಬರುತ್ತಿದ್ದೆವು. ಸ್ಪೀಡ್ ಬ್ರೇಕರ್ ಬಂತು. ಚೀಲಗಳ ಸಮೇತ ಎದ್ದೆ. ಮುಂದೆ ಅವರು ಆರಾಮಾಗಿ ಕೂತೇ ಇದ್ದರು.

“ಏನಾಯ್ತೇ?” ಎಂದರು.

“ಏನಿಲ್ಲ, ನಡೀರಿ” ಎಂದು ಅವರ ಭುಜದ ಮೇಲೆ ಗಲ್ಲವಿಟ್ಟೆ.