ವಾರದ ಇಸ್ತ್ರಿ

ದಿನಾ ಹಾಕುವ ಬಟ್ಟೆಗೆ ಇಸ್ತ್ರಿ ಬೇಕೇ ಬೇಡವೇ ಅಂತ ನನ್ನ ಮಕ್ಕಳು ಆಗಾಗ ವಾದ ಹಾಕುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಅಪ್ಪನಿಗೆ ವಯಸ್ಸಾಯಿತು, ಗಲಾಟೆ ಆಗುವುದಿಲ್ಲ ಅಂದುಕೊಂಡಿದ್ದಾರೆ. ಹಾಗೇ ಅಂದುಕೊಳ್ಳಲಿ. ಅವರ ಮುಂದೆ ನಿಜ ಹೇಳುವಷ್ಟು ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರು. ರೈಟರು ಅಂದರೆ ಮಹಾ ಹುದ್ದೆಯೇನಲ್ಲ. ಬೆಳಿಗ್ಗೆ ಲೈನುಮನೆಗಳ ಆಳುಗಳ ಹಾಜರಿ ಹಾಕುವುದು, ಆಮೇಲೆ ಅವರ ಹಿಂದೆ ತೋಟ ಸುತ್ತುವುದು. ಸೇರಿದ ಹೊಸತರಲ್ಲಿ ಒಂದು ದಿನ ಇಸ್ತ್ರಿ ಷರಟು ಹಾಕಿಕೊಂಡು ಹೋಗಿದ್ದೆ; ತೋಟದ ದೊರೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ರೈಟರೇ, ಬಟ್ಟೆ ಅಂದರೆ ಹೀಗಿರಬೇಕು" ಅಂದುಬಿಟ್ಟರು. ಅಷ್ಟೇ. ಆ ಒಂದು ಮಾತು ನನ್ನ ತಲೆಗೆ ಏರಿತು. ಅಂದಿನಿಂದ ಷರಟು, ಖಾಕಿ ಚಡ್ಡಿ, ಮನೆಯಲ್ಲಿ ಉಡುವ ಪಂಚೆ, ಕೊನೆಗೆ ಮೂಗು ಒರೆಸುವ ಕರವಸ್ತ್ರಕ್ಕೂ ಇಸ್ತ್ರಿ ಆಗಲೇಬೇಕು. ಮಾಡುವವಳು ನನ್ನ ಹೆಂಡತಿ, ಮೆರೆಯುವವನು ನಾನು.

ಮಳೆಗಾಲದಲ್ಲಿ ಇಸ್ತ್ರಿ ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಹರವಬೇಕು, ಹೊಗೆ ವಾಸನೆ ಹಿಡಿಯುವ ಮೊದಲೇ ತೆಗೆಯಬೇಕು. ಇಸ್ತ್ರಿ ಪೆಟ್ಟಿಗೆಗೆ ಹಾಕುವ ತೆಂಗಿನ ಕರಟ ಥಂಡಿ ಹಿಡಿದು ಕೆಂಡವಾಗುವುದಿಲ್ಲ. ಊದಿ ಊದಿ ಅವಳ ಕಣ್ಣು ಕೆಂಪಾಗುತ್ತಿತ್ತು. ಇಷ್ಟು ಮಾಡಿ ಕೊಟ್ಟ ಷರಟು ಹಾಕಿಕೊಂಡು ನಾನು ಏನು ಮಾಡುತ್ತಿದ್ದೆ? ಮೇಲೊಂದು ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲಿ ನಿಲ್ಲುತ್ತಿದ್ದೆ. ಒಳಗಿನ ಇಸ್ತ್ರಿ ನೋಡಲು ಜಿಗಣೆ ಬಿಟ್ಟರೆ ಬೇರೆ ಯಾರೂ ಇರಲಿಲ್ಲ. "ನಿಮ್ಮ ಇಸ್ತ್ರಿಗೆ ಹತ್ತು ನಿಮಿಷ ಆಯುಸ್ಸು" ಅಂತ ಅವಳು ಒಮ್ಮೆ ನಕ್ಕಳು. ನಾನು ನಗಲಿಲ್ಲ.

ಮಳೆ ಬಿಡದೆ ಹೊಯ್ಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಭಾಗಮಂಡಲದ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ಎಸ್ಟೇಟಿನ ಗೇಟಿನಲ್ಲಿ ನನ್ನ ಕೈಗೆ ಒಂದು ಚೀಟಿ ಕೊಟ್ಟ. ನನ್ನ ಹೆಂಡತಿಯ ತವರು ಭಾಗಮಂಡಲದಿಂದ ಆಚೆ. ಅವಳ ಅಣ್ಣ ಬರೆದಿದ್ದ: ಅವ್ವನಿಗೆ ಜ್ವರ ಜೋರಾಗಿದೆ, ನಿನ್ನ ಹೆಸರೇ ಹೇಳುತ್ತಿದ್ದಾಳೆ, ಕೂಡಲೇ ಹೊರಟು ಬಾ.

ಮನೆಗೆ ಬಂದು ಚೀಟಿ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಮಧ್ಯಾಹ್ನ ಇದೇ ಬಸ್ಸು ವಾಪಸ್ ಹೋಗ್ತದಲ್ಲ, ಅದರಲ್ಲೇ ಹೋಗ್ತೇನೆ" ಅಂದಳು.

"ಹೋಗು, ಬೇಡ ಅಂದವರು ಯಾರು? ವಾರದ ಬಟ್ಟೆ ಇಸ್ತ್ರಿ ಮಾಡಿಟ್ಟು ಹೋಗು."

"ಎಲ್ಲಾ ಹಸಿ ಉಂಟು. ಮಧ್ಯಾಹ್ನದೊಳಗೆ ಆಗುವುದಿಲ್ಲ."

"ಹಾಗಾದರೆ ನಾಳೆ ಹೋಗು. ಮಳೆಗಾಲದಲ್ಲಿ ವಯಸ್ಸಾದವರಿಗೆ ಜ್ವರ ಬರುವುದು ಇದ್ದದ್ದೇ. ನಾನೇನು ಮುದ್ದೆಯಾದ ಬಟ್ಟೆ ಹಾಕಿಕೊಂಡು ಆಳುಗಳ ಮುಂದೆ ನಿಲ್ಲಬೇಕಾ?"

ಥೂ! ಈ ಮಾತು ಬರೆಯುವಾಗಲೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ. ಅವಳು ನನ್ನ ಮುಖ ನೋಡಿದಳು, ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆ ತೆಗೆದಳು. ಸಂಜೆ ನಾನು ಬರುವಾಗ ಆರು ಷರಟು, ಆರು ಚಡ್ಡಿ ಮಡಿಸಿ ಇಟ್ಟಿದ್ದಳು.

ಮಾರನೇ ದಿನ ಸಿಕ್ಕಿದ ಬಸ್ಸು ಹಿಡಿದು ಹೊರಟಳು. ಅಷ್ಟರಲ್ಲಿ ಭಾಗಮಂಡಲದಲ್ಲಿ ಹೊಳೆ ಉಕ್ಕಿ ರಸ್ತೆ ಮುಳುಗಿತ್ತು. ಬಸ್ಸು ಈಚೆ ಬದಿಯಲ್ಲೇ ನಿಂತಿತು. ಯಾರದೋ ಮನೆಯ ಜಗಲಿಯಲ್ಲಿ ಎರಡು ದಿನ ಕೂತಿದ್ದಳಂತೆ. ಮೂರನೇ ದಿನ ನೀರು ಇಳಿದು ಅವಳು ಮನೆ ಮುಟ್ಟುವಾಗ ಎಲ್ಲಾ ಮುಗಿದಿತ್ತು. ಅವ್ವನ ಮುಖವೂ ನೋಡಲು ಸಿಗಲಿಲ್ಲ.

ತಿಥಿಗೆ ನಾನು ಹೋದೆ. ಆ ಆರರಲ್ಲಿ ಎತ್ತಿಟ್ಟಿದ್ದ ಒಂದು ಷರಟು ಹಾಕಿಕೊಂಡೇ ಹೋದೆ, ನೋಡಿ. ಊಟದ ಪಂಕ್ತಿಯಲ್ಲಿ ನೆಂಟರೆಲ್ಲ ಕೂತಿರುವಾಗ ಅವಳ ಅಣ್ಣ ಕೇಳಿದ: "ಭಾವ, ಚೀಟಿ ಕಳಿಸಿದ ದಿನ ಸಂಜೆಯವರೆಗೂ ದಾರಿ ಇತ್ತು. ಅದೇ ಬಸ್ಸು ತಿರುಗಿ ಬಂತು. ನಾನು ಕೊಡೆ ಹಿಡಿದು ಕಾದಿದ್ದೆ. ಇವಳು ಯಾಕೆ ಬರಲಿಲ್ಲ?"

"ಚೀಟಿ ನಮಗೆ ಸಿಕ್ಕಿದ್ದೇ ಸಂಜೆ" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಅವಳು ಅನ್ನದ ಪಾತ್ರೆ ಹಿಡಿದು ಪಂಕ್ತಿಯ ಆ ತುದಿಯಲ್ಲಿ ನಿಂತಿದ್ದಳು. ಅಣ್ಣ ಅವಳ ಕಡೆ ತಿರುಗಿದ. ನನ್ನ ಮರ್ಯಾದೆ ಹರಾಜಾಯಿತು ಅಂದುಕೊಂಡೆ. "ಹೌದಣ್ಣ, ಸಂಜೆ ಸಿಕ್ಕಿದ್ದು" ಅಂದಳು, ಮುಂದಿನ ಎಲೆಗೆ ಬಡಿಸಿದಳು. ನನಗೆ ಹೋದ ಜೀವ ಬಂತು. ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ನೆಮ್ಮದಿ. ನಾಚಿಕೆ ಬಂದದ್ದು ಆಮೇಲೆ. ಎಂಥ ಮನುಷ್ಯ ನಾನು!

ಮರುದಿನ ಇಬ್ಬರೂ ಬಸ್ಸು ಹತ್ತಿ ವಾಪಸ್ ಹೊರಟೆವು. ಚೀಟಿ ತಂದು ಕೊಟ್ಟ ಕಂಡಕ್ಟರೇ ಇದ್ದ. ಒಳ್ಳೆಯವನು, ಪಾಪ. ಟಿಕೇಟು ಕೊಟ್ಟವನು ಮುಂದೆ ಹೋಗದೆ ಅಲ್ಲೇ ಕಂಬಿ ಹಿಡಿದು ನಿಂತ.

"ಅಕ್ಕಾ, ವಿಷಯ ಕೇಳಿ ಬೇಜಾರಾಯಿತು. ಅವತ್ತು ಮಧ್ಯಾಹ್ನ ನೀವು ಬಂದೇ ಬರ್ತೀರಿ ಅಂತ ನಿಮ್ಮ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿದ್ದೆ. ಡ್ರೈವರ್ ಹತ್ತಿರ ಹೇಳಿ ಐದು ಸಲ ಹಾರನ್ ಹೊಡೆಸಿದೆ. ಕೇಳಲಿಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ.

"ಇಲ್ಲಪ್ಪ, ಕೇಳಲಿಲ್ಲ" ಅಂದಳು. "ಮಳೆ ಜೋರಿತ್ತಲ್ಲ."

ಗೇಟಿಗೂ ನಮ್ಮ ಮನೆಗೂ ಮಧ್ಯೆ ಕಾಫಿ ಒಣಗಿಸುವ ಕಣವೊಂದೇ. ಅವತ್ತು ನಾನು ಅಲ್ಲಿಂದ ಎಷ್ಟೋ ದೂರ, ತೋಟದ ಒಳಗೆ ಆಳುಗಳ ಹತ್ತಿರ ನಿಂತಿದ್ದೆ. ಐದು ಸಲವೂ ನನಗೆ ಕೇಳಿಸಿತ್ತು.