ಯಾವ ಊರಿಂದು, ಯಾರ ಮನೀದು

ಹೆಸರಿಲ್ಲದ ನಳಿಕೆ ಕಂಡರೆ ಹಂಚಿನಾಳ ಸರ್‌ಗೆ ಮೈಮೇಲೆ ಬಂದಂತಾಗುತ್ತಿತ್ತು. ಧಾರವಾಡದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಪ್ರತಿ ಗಾಜಿನ ನಳಿಕೆಯ ಮೇಲೂ ಅದು ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ಬರೆದಿರಬೇಕು. ಇಲ್ಲದಿದ್ದರೆ, ಅದು ಯಾರ ಎಷ್ಟು ತಿಂಗಳ ದುಡಿಮೆಯೇ ಆಗಿರಲಿ, ಸರ್ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ಕೇಳುತ್ತಿದ್ದರು: “ಏನವಾ, ಇದು ಯಾವ ಊರಿಂದು? ಯಾರ ಮನೀದು?” ಉತ್ತರ ತಡವರಿಸಿತೋ, ನಳಿಕೆ ನೇರವಾಗಿ ಕುದಿಯುವ ಕುಕ್ಕರಿಗೆ.

ನಾನು ಸಂಶೋಧನೆಗೆ ಸೇರಿದ ಮೊದಲ ತಿಂಗಳಲ್ಲೇ ನನ್ನ ಹನ್ನೊಂದು ನಳಿಕೆಗಳು ಹಾಗೆ ಕುದ್ದುಹೋದವು. ಬರೀ ನಂಬರು ಹಾಕಿದ್ದೆ. ಅಳು ನುಂಗಿಕೊಂಡು ನಿಂತವಳ ಕೈಗೆ ಸರ್ ತಮ್ಮ ಡಬ್ಬಿಯ ಚಪಾತಿ ಇಟ್ಟು, “ನಂಬರ್ ಕೈದಿಗೆ ಹಾಕ್ತಾರ ಸುಜಾತಾ. ಇವು ನಮ್ಮ ಮನಿಗೆ ಬಂದ ಬೀಗರು. ಯಾರ ಕಡೆಯವ್ರು ಅಂತ ಗೊತ್ತಿಲ್ಲದೆ ಚಾ ಹೆಂಗ ಕೊಡ್ತಿ?” ಅಂದರು. ಅಳುವಿನ ನಡುವೆಯೇ ನಗು ಬಂತು.

ಯಾರ ಪೈಕಿ, ಅಂದರೆ ಯಾವ ಜಾತಿ ಎಂಬ ಪ್ರಶ್ನೆ ನಮ್ಮ ಮನೆಯವರಿಗೆ ಹೊಸದಲ್ಲ. ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕುವಾಗ ಅದಕ್ಕೆ ಉತ್ತರ ಕೊಟ್ಟು ಕೊಟ್ಟು ನನ್ನ ಬಾಯಿ ಒಣಗಿತ್ತು. ನಮ್ಮ ಗೋಡೆಗೆ ತೂಗುವುದು ಬುದ್ಧನ ಪಟ ಎಂದು ಗೊತ್ತಾದರೆ ಸಾಕು, ಮನೆ ಖಾಲಿ ಇಲ್ಲ. ಸರ್ ಮಾತ್ರ ನನ್ನನ್ನು ಒಂದು ದಿನವೂ ಅದನ್ನು ಕೇಳಲಿಲ್ಲ. ಕೇಳಿದ್ದೆಲ್ಲ ನಳಿಕೆಗಳನ್ನು. ಆ ಒಂದು ಕಾರಣಕ್ಕೇ ನಾನು ಅವರನ್ನು ಕಣ್ಣು ಮುಚ್ಚಿ ನಂಬಿದೆ.

ಸರ್ ಕುಳ್ಳಗಿನ ಆಳು. ಅಂಗಿಯ ಜೇಬಿನಲ್ಲಿ ಸದಾ ಒಂದು ಕಪ್ಪು ಮಾರ್ಕರ್ ಪೆನ್ನು, ಸ್ಕೂಟರಿನ ಡಿಕ್ಕಿಯಲ್ಲಿ ಖಾಲಿ ಬಾಟಲಿಗಳು. ಎಣ್ಣೆ ಗಾಣ, ಗಟಾರ, ಬಣ್ಣದ ಕಾರ್ಖಾನೆ, ಎಲ್ಲಿ ಏನು ವಾಸನೆ ಬಂದರೂ ಸ್ಕೂಟರು ನಿಲ್ಲುತ್ತಿತ್ತು. “ಮೂಗು ಮೊದಲು, ಮೈಕ್ರೋಸ್ಕೋಪ್ ಆಮ್ಯಾಲ” ಅನ್ನುತ್ತಿದ್ದರು.

ಕಾರ್ಖಾನೆಗಳ ಊರಾದ ತಾರಿಹಾಳಕ್ಕೆ ಅವರನ್ನು ಕರೆದುಕೊಂಡು ಹೋದವಳು ನಾನೇ. ಅಲ್ಲಿ ಅಪ್ಪನ ಶಾಲೆಯ ಗೆಳೆಯ ಇಮಾಮ್ ಕಾಕಾನ ಲೇತ್ ಶೆಡ್ಡಿದೆ. ಲೇತಿನಲ್ಲಿ ಕಬ್ಬಿಣ ಕೊರೆಯುವಾಗ ಬಿಸಿ ತಣಿಸಲು ಎಣ್ಣೆ ಬೆರೆಸಿದ, ಹಾಲಿನಂಥ ನೀರು ಟಾಕಿಯೆಂಬ ತೊಟ್ಟಿಯಿಂದ ಸುರಿಯುತ್ತಿರುತ್ತದೆ. ಭಾನುವಾರ ರಜೆ ಕಳೆದು ಸೋಮವಾರ ಬಾಗಿಲು ತೆರೆದರೆ ಅಕ್ಕಪಕ್ಕದ ಶೆಡ್ಡುಗಳಲ್ಲೆಲ್ಲ ಆ ನೀರು ಕೊಳೆತು ಮೂಗು ಬಿಡಲಾಗದಂಥ ನಾತ. ಕಾಕಾನ ಶೆಡ್ಡಿನಲ್ಲಿ ಏನೂ ಇಲ್ಲ.

ಸರ್ ಕಾರಣ ಕೇಳಿದರು. ಕಾಕಾ ನಕ್ಕ. “ಹಾಲಿಗೆ ಹೆಪ್ಪು ಹಾಕೂದಿಲ್ರಿ? ಹಂಗ. ಟಾಕಿ ತೊಳಿಯೂ ಮುಂದ ಹಳೇ ನೀರು ಒಂದು ತಂಬಿಗಿ ತಗದಿಟ್ಟು ಹೊಸಾದಕ್ಕ ಹಾಕತೇನಿ. ನಮ್ಮ ಉಸ್ತಾದ್ ಕೊಟ್ಟ ಹೆಪ್ಪು ಐತಿದು. ಇಪ್ಪತ್ತ ವರ್ಷ ಆತು, ಖಾಲಿ ಆಗಾಕ ಬಿಟ್ಟಿಲ್ಲ.”

ಸರ್ ಅಲ್ಲೇ ಕೂತು ಎರಡು ಕಪ್ ಚಹಾ ಕುಡಿದರು. ಬಾಟಲಿ ತುಂಬಿಕೊಂಡು ತಾವೇ ಬರೆದರು: ‘ತಾರಿಹಾಳ, ಇಮಾಮ್‌ಸಾಬ್, ಲೇತ್ ಟಾಕಿ.’ ಕಾಕಾ ಎಣ್ಣೆಗೈ ಒರೆಸಿಕೊಂಡು ಬಗ್ಗಿ ನೋಡಿದ. “ನನ್ನ ಹೆಸರ್ರಿ?”

“ಮತ್ತ ಯಾರ್ದು? ಮುಂದ ಪೇಟೆಂಟ್ ಕಾಗದದಾಗೂ ಇದ ಹೆಸರು ಬರ್ತದ” ಅಂದರು ಸರ್.

ಎರಡು ವರ್ಷ ದುಡಿದು ಆ ನೀರಿನಿಂದ ನಾತ ತಡೆಯುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದೆವು. ಜೀವ ಇರುವ ವಸ್ತುವನ್ನು ಕಾಗದದ ಮೇಲೆ ಎಷ್ಟು ಬಣ್ಣಿಸಿದರೂ ಪೇಟೆಂಟಿಗೆ ಸಾಲದು. ಮಾನ್ಯತೆ ಪಡೆದ ಸಂಗ್ರಹ ಕೇಂದ್ರದಲ್ಲಿ ಅದನ್ನೇ ಠೇವಣಿ ಇಡಬೇಕು. ಅವರು ಅದನ್ನು ಒಣಗಿಸಿ, ದಶಕಗಟ್ಟಲೆ ಕಾಪಾಡುತ್ತಾರೆ. ನಾವು ಉಪ್ಪಿನಕಾಯಿ ಭರಣಿ ಕಟ್ಟುವಷ್ಟು ಜೋಪಾನವಾಗಿ ನಳಿಕೆಗಳನ್ನು ಅರಳೆಯಲ್ಲಿ ಸುತ್ತಿ ಕಳಿಸಿದೆವು. ಠೇವಣಿಯ ಅರ್ಜಿ ತುಂಬಿದವರು ಸರ್. ಸಂಶೋಧಕರ ಸಾಲಿನಲ್ಲಿ ಅವರ ಹೆಸರಿನ ಕೆಳಗೆ ನನ್ನ ಹೆಸರಿತ್ತು. ಅದನ್ನು ನೋಡಿದ ಖುಷಿಯಲ್ಲಿ ಬೇರೆ ಏನನ್ನೂ ಓದದೆ ಸಹಿ ಹಾಕಿದೆ. ಕೇಂದ್ರದ ನಂಬರು ಬಿದ್ದು ವಾಪಸ್ ಬಂದ ಪ್ರತಿಯನ್ನು ಅಪ್ಪ ಝೆರಾಕ್ಸ್ ಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ನಮ್ಮೂರು ಉಪ್ಪಿನಬೆಟಗೇರಿಯ ಮನೆಯ ನಡುಗೋಡೆಗೆ ತೂಗುಹಾಕಿದ. ಇಂಗ್ಲಿಷ್ ಬಾರದ ಅಪ್ಪ ಬಂದವರಿಗೆಲ್ಲ ನನ್ನ ಹೆಸರಿದ್ದ ಜಾಗ ಬೆರಳಿಟ್ಟು ತೋರಿಸುತ್ತಿದ್ದ.

ಸರ್ ನಿವೃತ್ತರಾದರು. ನಾನು ಅದೇ ಪ್ರಯೋಗಾಲಯದಲ್ಲಿ ಉಳಿದೆ. ಹೋದ ಮಳೆಗಾಲ ಇಮಾಮ್ ಕಾಕಾ ಕಾಲೇಜಿಗೆ ಬಂದ. ಗಟಾರದ ನೀರು ಶೆಡ್ಡಿಗೆ ನುಗ್ಗಿ ಟಾಕಿ, ತಂಬಿಗೆ ಎಲ್ಲ ತೊಳೆದುಕೊಂಡು ಹೋಗಿತ್ತಂತೆ. “ಸೋಮವಾರ ನನಗ ನನ್ನ ಶೆಡ್ಡಿನಾಗ ನಿಂದ್ರಾಕ ಆಗವಲ್ದು ಅಕ್ಕಾರ. ಉಸ್ತಾದ್‌ಗ ಏನ್ ಹೇಳ್ಲಿ ನಾ, ಮ್ಯಾಲೆ ಹೋದ ಮ್ಯಾಲೆ? ಒಂದ ತಂಬಿಗಿ ಹೆಪ್ಪು ವಾಪಸ್ ಕೊಡ್ರಿ. ನಿಮ್ಮ ಕಡೆ ಐತೆಲ್ಲ?”

“ಈ ವಾರದಾಗ ಕೊಡ್ತೇನಿ ಕಾಕಾ” ಎಂದು ಜಂಬದಿಂದಲೇ ಹೇಳಿದೆ.

ಫ್ರಿಜ್ಜಿನಲ್ಲಿ ಕಾಕಾನ ಹೆಸರಿನ ಒಂದು ನಳಿಕೆಯೂ ಇರಲಿಲ್ಲ. ಸರ್ ನಿವೃತ್ತರಾಗುವ ದಿನ ಅವಷ್ಟನ್ನೂ ಕುಕ್ಕರಿಗೆ ಹಾಕಿಸಿದ್ದರೆಂದು ಜವಾನ ಹೇಳಿದ. ಸಂಗ್ರಹ ಕೇಂದ್ರಕ್ಕೆ ಬರೆಯಲು ನಂಬರು ಬೇಕಿತ್ತು. ಊರಿಗೆ ಹೋಗಿ, ಸ್ಟೂಲು ಹತ್ತಿ ಕಟ್ಟು ಇಳಿಸಿ ಧೂಳು ಒರೆಸಿದೆ. ನಂಬರಿನ ಕೆಳಗೆ, ಮೂಲ ಎಂಬಲ್ಲಿ ಸರ್ ಅವರದೇ ದುಂಡು ಅಕ್ಷರ: ಮಣ್ಣು, ಕಾಲೇಜಿನ ಹಿಂದಿನ ತೋಟ. ಇಷ್ಟು ವರ್ಷ ಆ ಸುಳ್ಳು ನಮ್ಮ ಮನೆಯ ಗೋಡೆಯ ಮೇಲೆ, ನನ್ನ ಸಹಿಯೊಂದಿಗೆ ತೂಗುತ್ತಿತ್ತು.

ಕೇಂದ್ರದಿಂದ ಉತ್ತರ ಬಂತು. ಠೇವಣಿ ಇಟ್ಟವರ ಒಪ್ಪಿಗೆ ಪತ್ರವಿಲ್ಲದೆ ಮಾದರಿ ಕೊಡುವಂತಿಲ್ಲ. ಸಂಶೋಧಕರ ಸಾಲಿನಲ್ಲಿ ನಾನಿದ್ದರೂ ಠೇವಣಿ ಇದ್ದದ್ದು ಸರ್ ಒಬ್ಬರ ಹೆಸರಿನಲ್ಲಿ.

ಕೇಶ್ವಾಪುರದ ಅವರ ಮನೆಗೆ ಹೋದೆ. ಬಾಗಿಲು ತೆರೆದು ಎಷ್ಟು ಸಂತೋಷಪಟ್ಟರೆಂದರೆ, ಒಂದು ಕ್ಷಣ ಬಂದ ಕೆಲಸ ಮರೆತೆ. ಆಮೇಲೆ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳಿದೆ.

“ಸರ್, ಮಣ್ಣು ಅಂತ ಯಾಕ ಬರದ್ರಿ?”

ಅವರು ಕನ್ನಡಕ ಒರೆಸಿಕೊಂಡರು. “ಒಬ್ಬಾಂವ ಇಪ್ಪತ್ತು ವರ್ಷದಿಂದ ಇದನ್ನ ಬಳಸ್ಲಿಕತ್ತಾನ ಅಂತ ಬರದಿದ್ರ, ಅದರಾಗ ನಾವು ಕಂಡುಹಿಡಿದದ್ದು ಏನು ಉಳೀತಿತ್ತು? ಪೇಟೆಂಟ್ ಅಲ್ಲೇ ಮುಗೀತಿತ್ತು. ನಿನ್ನ ಹೆಸರೂ ಬರ್ತಿದ್ದಿಲ್ಲ.”

“ನನ್ನ ಹೆಸರು ಬ್ಯಾಡ್ರಿ. ಈಗ ಒಂದು ಸಹಿ ಮಾಡ್ರಿ ಸಾಕು. ಅವರ ಹೆಪ್ಪು ಅವರಿಗೆ ಕೊಡ್ತೇನಿ.”

“ಯಾರಿಗೆ, ಯಾಕ ಅಂತ ಬರೀಬೇಕಾಗ್ತದ. ಎಲ್ಲಾ ಬಿಚ್ಚಿಕೋತದ. ಬ್ಯಾಡವಾ.”

ಮೋಸ ಮಾಡಿದಿರಿ ಎಂದು ಕೂಗಬೇಕೆನಿಸಿತು. ಕಾಕಾನಿಗೆ ಮೋಸವಾಗಿತ್ತು, ಅಪ್ಪನ ಬೆರಳಿಗೆ ಮೋಸವಾಗಿತ್ತು, ಅದಕ್ಕೆ ನನ್ನನ್ನೂ ಸೇರಿಸಿಕೊಂಡಿದ್ದರು. ನನ್ನ ಹನ್ನೊಂದು ನಳಿಕೆ ಕುದಿಸಿ, ಚಪಾತಿ ಕೊಟ್ಟು ಕಲಿಸಿದ ಮನುಷ್ಯ ಇವರೇ ಏನು ಎಂದು ನೋಡುತ್ತ ಕೂತೆ. ಕಟ್ಟನ್ನು ಅಲ್ಲೇ ಬಿಟ್ಟು ಎದ್ದೆ.

ಸರ್ ಬಾಗಿಲವರೆಗೆ ಹಿಂದೆಯೇ ಬಂದರು. “ಸಿಟ್ಟು ಮಾಡ್ಕೋಬ್ಯಾಡ. ನಾತಕ್ಕ ಪ್ಯಾಟ್ಯಾಗ ಬ್ಯಾರೆ ಔಷಧ ಸಿಗ್ತದ, ಚೀಟಿ ಬರದು ಕೊಡ್ತೇನಿ, ಅವಗ ಒಯ್ದು ಕೊಡು” ಎಂದು ಜೇಬಿನಿಂದ ಆ ಕಪ್ಪು ಮಾರ್ಕರ್ ತೆಗೆದರು. ಔಷಧದ ಹೆಸರಿಗಿಂತ ಮೊದಲು ಯಾರಿಗೆ ಎಂದು ಬರೆಯುವುದು ಅವರ ಹಳೆಯ ಅಭ್ಯಾಸ. ಪೆನ್ನು ಚೀಟಿಯ ಮೇಲೆ ನಿಂತಿತು.

“ಏನು ಹೆಸರವಾ, ಆ ಲೇತಿನವಂದು?”

ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೆ.